ವೇತನ ಚೀಟಿಯ ಮೂರನೆಯ ಸಾಲು

ಅಮೆರಿಕದ ಸೈನಿಕರು ತಮ್ಮ ವೇತನ ಚೀಟಿಯನ್ನು ಎಲ್‌ಇಎಸ್ ಎಂದು ಕರೆಯುತ್ತಾರೆ. ಸಂಸಾರಸ್ಥ ಸೈನಿಕನ ಚೀಟಿಯ ಗಳಿಕೆಯ ಭಾಗದಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ: ಮೂಲ ವೇತನ, ಊಟದ ಭತ್ಯೆ, ಮನೆ ಬಾಡಿಗೆ ಭತ್ಯೆ. ಕನ್ಸಾಸ್ ರಾಜ್ಯದ ಫೋರ್ಟ್ ರೈಲಿ ಸೇನಾನೆಲೆಗೆ ತಾಗಿಕೊಂಡಿರುವ ಜಂಕ್ಷನ್ ಸಿಟಿಯಲ್ಲಿ, ಅಗತ್ಯವಿರುವವರಿಗೆ ಉಚಿತವಾಗಿ ದಿನಸಿ ಹಂಚುವ ಒಂದು ಫುಡ್ ಪ್ಯಾಂಟ್ರಿಯಲ್ಲಿ ನಾನು ತಿಂಗಳಿಗೆ ಎರಡು ಶನಿವಾರ ಕೆಲಸ ಮಾಡುತ್ತೇನೆ. ಮೊದಲು ಡಬ್ಬಿಗಳನ್ನು ಜೋಡಿಸುವ ಕೆಲಸದಲ್ಲಿದ್ದವಳು, ಲೆಕ್ಕ ಸ್ವಲ್ಪ ಬರುತ್ತದೆ ಎಂಬ ಕಾರಣಕ್ಕೆ ಈಗ ಸರ್ಕಾರಿ ನೆರವಿನ ಅರ್ಜಿ ತುಂಬಿಸುವ ಮೇಜಿನ ಹಿಂದೆ ಕುಳಿತಿದ್ದೇನೆ. ಆ ಮೇಜಿನ ಮೇಲೆ ಹರಡಿದ ಚೀಟಿಗಳನ್ನು ನೋಡುತ್ತಾ ನೋಡುತ್ತಾ, ಇಲ್ಲಿನ ಸೈನಿಕ ಕುಟುಂಬಗಳ ಹಸಿವಿನ ಕತೆಯಲ್ಲಿ ಬಹಳಷ್ಟು ಆ ಮೂರನೆಯ ಸಾಲಿನಲ್ಲೇ ಅಡಗಿದೆ ಎಂಬುದು ನನಗೆ ಮನದಟ್ಟಾಗಿದೆ.

2024ರ ಬೇಸಿಗೆಯಲ್ಲಿ ಒಬ್ಬ ತಾಯಿ ಬಂದಿದ್ದರು. ಪತಿ ಕೆಳಹಂತದ ಇ-3 ದರ್ಜೆಯ ಸೈನಿಕ, ಸೇನೆಗೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಶಾಲೆಗೆ ಹೋಗುವ ಮಗಳು, ಮೂರು ವರ್ಷದ ಮಗ. ನೆಲೆಯ ಹೊರಗೆ ಬಾಡಿಗೆ ಮನೆ. ತವರು ರಾಜ್ಯದಲ್ಲಿ ನರ್ಸಿಂಗ್ ಸಹಾಯಕಿಯಾಗಿದ್ದ ಆಕೆ ಪತಿಯ ಜೊತೆ ಇಲ್ಲಿಗೆ ಬರುವಾಗ ಕೆಲಸ ಬಿಟ್ಟಿದ್ದರು. ಹೊಸ ರಾಜ್ಯದಲ್ಲಿ ಆ ಕೆಲಸಕ್ಕೆ ಬೇಕಾದ ಪ್ರಮಾಣಪತ್ರದ ಕಾಗದಗಳು ಇನ್ನೂ ಮುಗಿದಿರಲಿಲ್ಲ, ಚಿಕ್ಕ ಮಗನಿಗೆ ಶಿಶುವಿಹಾರದಲ್ಲಿ ಜಾಗವೂ ಸಿಕ್ಕಿರಲಿಲ್ಲ. ಕಡಿಮೆ ಆದಾಯದ ಕುಟುಂಬಗಳಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ಸ್ನ್ಯಾಪ್ ನೆರವಿಗೆ ಹಾಕಿದ ಅರ್ಜಿ ತಿರಸ್ಕೃತವಾಗಿದೆ ಎಂಬ ಪತ್ರವನ್ನು ನನ್ನ ಮುಂದಿಟ್ಟು, "ಮ್ಯಾಮ್, ನಾನು ಎಲ್ಲಿ ತಪ್ಪು ಬರೆದಿದ್ದೇನೆ ಎಂದು ನೋಡಿ ಹೇಳುತ್ತೀರಾ?" ಎಂದು ಕೇಳಿದರು.

ಆಕೆ ಎಲ್ಲಿಯೂ ತಪ್ಪು ಬರೆದಿರಲಿಲ್ಲ. ಅರ್ಜಿ ನೋಡಿದ ಸಿಬ್ಬಂದಿಯದೂ ತಪ್ಪಿರಲಿಲ್ಲ.

ಲೆಕ್ಕ ಹೀಗಿತ್ತು. ಆ ವರ್ಷ ಇ-3 ದರ್ಜೆಯಲ್ಲಿ ಎರಡು ವರ್ಷದೊಳಗಿನ ಸೇವೆಗೆ ತಿಂಗಳ ಮೂಲ ವೇತನ 2,377 ಡಾಲರ್ 50 ಸೆಂಟ್. ಊಟದ ಭತ್ಯೆ 460 ಡಾಲರ್ 25 ಸೆಂಟ್. ಇದು ಸೈನಿಕನೊಬ್ಬನ ಊಟಕ್ಕೆಂದು ಕೊಡುವ ಹಣವೇ ಹೊರತು ಹೆಂಡತಿ ಮಕ್ಕಳ ಊಟದ ಲೆಕ್ಕ ಅದರಲ್ಲಿಲ್ಲ. ಎರಡನ್ನೂ ಕೂಡಿದರೆ 2,838 ಡಾಲರಿಗೆ ಸ್ವಲ್ಪ ಕಡಿಮೆ. ಕನ್ಸಾಸ್‌ನಲ್ಲಿ ನಾಲ್ಕು ಜನರ ಕುಟುಂಬಕ್ಕೆ ಸ್ನ್ಯಾಪ್‌ನ ಆದಾಯ ಮಿತಿ, ಅಂದರೆ ಒಕ್ಕೂಟ ಸರ್ಕಾರದ ಬಡತನ ರೇಖೆಯ ಶೇಕಡಾ 130, ಆಗ ತಿಂಗಳಿಗೆ 3,250 ಡಾಲರ್ ಇತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆ ಕುಟುಂಬ ನಿರಾಯಾಸವಾಗಿ ಅರ್ಹವಾಗುತ್ತಿತ್ತು. ನನ್ನ ಲೆಕ್ಕದ ಪ್ರಕಾರ ತಿಂಗಳಿಗೆ 300 ಡಾಲರಿಗೂ ಹೆಚ್ಚಿನ ದಿನಸಿ ಅವರ ಮನೆಗೆ ಬರುತ್ತಿತ್ತು. ಆದರೆ ಮೂರನೆಯ ಸಾಲಿನ ಬಾಡಿಗೆ ಭತ್ಯೆ 1,200 ಡಾಲರ್ ದಾಟಿತ್ತು. ಸ್ನ್ಯಾಪ್‌ನ ನಿಯಮ ಅದನ್ನೂ ಆದಾಯವೆಂದೇ ಎಣಿಸುತ್ತದೆ. ಮೊತ್ತ 4,000 ಡಾಲರ್ ದಾಟಿತು, ಅರ್ಜಿ ಬಿದ್ದುಹೋಯಿತು. ತಿಂಗಳ ಮೊದಲ ವಾರದಲ್ಲೇ ಮನೆಯ ಮಾಲೀಕನ ಖಾತೆಗೆ ಹೋಗಿ ಸೇರುವ ಆ ಹಣದಿಂದ ಒಂದು ಲೋಟ ಹಾಲನ್ನೂ ಕೊಳ್ಳಲಾಗದು. ಆದರೂ ಕಾಗದದ ಮೇಲೆ ಆ ಹಣ ಆ ಕುಟುಂಬವನ್ನು ಅನುಕೂಲಸ್ಥರ ಸಾಲಿಗೆ ಸೇರಿಸಿಬಿಡುತ್ತದೆ.

ಇದೇ ಸೈನಿಕ ಸರ್ಕಾರದ ಒಡೆತನದಲ್ಲೇ ಇರುವ ಮನೆಯಲ್ಲಿ ವಾಸಿಸುತ್ತಿದ್ದರೆ ಏನಾಗುತ್ತಿತ್ತು? ಅಲ್ಲಿ ಬಾಡಿಗೆಯೂ ಇಲ್ಲ, ಬಾಡಿಗೆ ಭತ್ಯೆಯೂ ಇಲ್ಲ. ಚೀಟಿಯಲ್ಲಿ ಮೂರನೆಯ ಸಾಲೇ ಇರುವುದಿಲ್ಲ, ಆ ವಸತಿಯ ಬೆಲೆಯನ್ನು ಸ್ನ್ಯಾಪ್ ಆದಾಯವೆಂದು ಎಣಿಸುವುದೂ ಇಲ್ಲ. ಹಿಂದೆ ನೆಲೆಗಳೊಳಗಿನ ಮನೆಗಳು ಹೀಗೆಯೇ ಇದ್ದವು. 1996ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸೇನಾ ವಸತಿಯನ್ನು ಖಾಸಗಿ ಕಂಪನಿಗಳಿಗೆ ವಹಿಸುವ ಕಾನೂನು ತಂದ ಮೇಲೆ, ಅಮೆರಿಕದೊಳಗಿನ ನೆಲೆಗಳಲ್ಲಿ ಕುಟುಂಬಗಳು ವಾಸಿಸುವ ಬಹುಪಾಲು ಮನೆಗಳು ಕಂಪನಿಗಳ ಕೈಗೆ ಹೋದವು. ಅದೇ ಗೇಟು, ಅದೇ ಬೀದಿ, ಕೆಲವೊಮ್ಮೆ ಅದೇ ಮನೆ. ಆದರೆ ಈಗ ಭತ್ಯೆ ಚೀಟಿಯಲ್ಲಿ ಕಾಣಿಸಿಕೊಂಡು ನೇರವಾಗಿ ಕಂಪನಿಗೆ ಸಂದಾಯವಾಗುತ್ತದೆ. ವಸತಿ ನೀತಿಯನ್ನು ರೂಪಿಸಿದವರ ಮನಸ್ಸಿನಲ್ಲಿ ದಿನಸಿಯ ವಿಚಾರ ಬಂದಿರಲಿಕ್ಕಿಲ್ಲ, ಆದರೆ ಅದರ ಹೊರೆ ಬಿದ್ದದ್ದು ಅಡುಗೆಮನೆಯ ಮೇಲೆ.

ಎಲ್ಲ ಯೋಜನೆಗಳೂ ಈ ಭತ್ಯೆಯನ್ನು ಒಂದೇ ರೀತಿ ಎಣಿಸುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಗರ್ಭಿಣಿಯರು, ಬಾಣಂತಿಯರು ಮತ್ತು ಐದು ವರ್ಷದೊಳಗಿನ ಮಕ್ಕಳಿಗಾಗಿ ಇರುವ ಆಹಾರ ನೆರವಿನ ವಿಕ್ ಯೋಜನೆಯಲ್ಲಿ, ಸೈನಿಕರ ಬಾಡಿಗೆ ಭತ್ಯೆಯನ್ನು ಲೆಕ್ಕದಿಂದ ಬಿಡಲು ರಾಜ್ಯಗಳಿಗೆ ಅವಕಾಶವಿದೆ. ಶಾಲೆಯ ಊಟದ ನಿಯಮ ಮತ್ತೊಂದು ಬಗೆಯದು: ಖಾಸಗೀಕರಣಗೊಂಡ ಸೇನಾ ವಸತಿಯಲ್ಲಿರುವವರ ಭತ್ಯೆಯನ್ನು ಅಲ್ಲಿ ಬಿಡುತ್ತಾರೆ, ಊರಿನಲ್ಲಿ ಬಾಡಿಗೆಗಿರುವವರ ಭತ್ಯೆಯನ್ನು ಎಣಿಸುತ್ತಾರೆ. ಹಾಗಾಗಿ ನನ್ನ ಮುಂದೆ ಕುಳಿತಿದ್ದ ತಾಯಿಯ ಮಗಳು ನೆಲೆಯೊಳಗಿನ ಖಾಸಗಿ ಕಂಪನಿಯ ಮನೆಯಲ್ಲಿದ್ದರೆ ಶಾಲೆಯಲ್ಲಿ ಉಚಿತವಾಗಿ ಉಣ್ಣುತ್ತಿದ್ದಳು. ಊರಿನಲ್ಲಿ ಮನೆ ಮಾಡಿದ್ದರಿಂದ ರಿಯಾಯಿತಿ ದರಕ್ಕೆ, ಅಂದರೆ ಮಧ್ಯಾಹ್ನದ ಊಟಕ್ಕೆ 40 ಸೆಂಟ್ ಕೊಟ್ಟು ಉಣ್ಣಬೇಕಾಯಿತು. ನಲವತ್ತು ಸೆಂಟ್ ದೊಡ್ಡ ಮೊತ್ತವಲ್ಲ, ನಿಜ. ಆದರೆ ಒಂದೇ ಸರ್ಕಾರ, ಒಂದೇ ಕುಟುಂಬದ ಒಂದೇ ಹಣವನ್ನು ಒಂದು ಕಿಟಕಿಯಲ್ಲಿ ಆದಾಯವೆಂದೂ ಪಕ್ಕದ ಕಿಟಕಿಯಲ್ಲಿ ಅಲ್ಲವೆಂದೂ ಹೇಳುವಾಗ, ಇಪ್ಪತ್ತನಾಲ್ಕು ವರ್ಷದ ತಾಯಿಯೊಬ್ಬಳು ಯಾವ ಬಾಗಿಲನ್ನು ತಟ್ಟಬೇಕೆಂದು ತಿಳಿಯುವುದಾದರೂ ಹೇಗೆ? ಆಕೆ ವಿಕ್‌ಗೆ ಅರ್ಜಿಯನ್ನೇ ಹಾಕಿರಲಿಲ್ಲ. ಸ್ನ್ಯಾಪ್ ಇಲ್ಲವೆಂದ ಮೇಲೆ ಬೇರೆ ಯಾವುದೂ ಸಿಗುವುದಿಲ್ಲವೆಂದು ತಿಳಿದಿದ್ದರು. ವಿಕ್‌ನ ಮಿತಿ ಬಡತನ ರೇಖೆಯ ಶೇಕಡಾ 185. ಬಾಡಿಗೆ ಭತ್ಯೆಯನ್ನು ಸೇರಿಸಿ ಲೆಕ್ಕ ಹಾಕಿದರೂ ಅವರು ಅದರೊಳಗೇ ಇದ್ದರು.

ಇಂಥವರು ಎಷ್ಟು ಜನ? ರಕ್ಷಣಾ ಇಲಾಖೆಯ 2020ರ ಸಮೀಕ್ಷೆಯಲ್ಲಿ ಸಕ್ರಿಯ ಸೇವೆಯಲ್ಲಿರುವ ಸೈನಿಕರ ಪೈಕಿ ಶೇಕಡಾ 24ರಷ್ಟು ಮಂದಿ ಆಹಾರ ಅಭದ್ರತೆಯನ್ನು ಅನುಭವಿಸಿದ್ದರು. ಅವರಲ್ಲಿ ಒಟ್ಟು ಸೈನಿಕರ ಶೇಕಡಾ 10ರಷ್ಟು ಮಂದಿಯದು ತೀವ್ರ ಅಭದ್ರತೆ, ಅಂದರೆ ಊಟದ ಪ್ರಮಾಣವನ್ನು ಕಡಿಮೆ ಮಾಡುವ ಅಥವಾ ಹೊತ್ತನ್ನೇ ಬಿಡುವ ಸ್ಥಿತಿ. ಇಲಾಖೆ ಇದನ್ನು 2022ರ ಜುಲೈನಲ್ಲಿ ತನ್ನದೇ ಕಾರ್ಯಯೋಜನೆಯ ವರದಿಯಲ್ಲಿ ಪ್ರಕಟಿಸಿತು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡಬೇಕು. 2013ರಲ್ಲಿ ಸ್ನ್ಯಾಪ್ ಪಡೆದ ಸಕ್ರಿಯ ಸೈನಿಕರು ಸುಮಾರು 23,000 ಎಂದು ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2016ರ ವರದಿ ಹೇಳಿತ್ತು. ಎರಡೂ ಬೇರೆ ಬೇರೆ ವರ್ಷದವು, ನೇರವಾಗಿ ಹೋಲಿಸುವಂತಿಲ್ಲ. ಆದರೂ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರಿರುವ ಪಡೆಯಲ್ಲಿ ಕಾಲು ಭಾಗ ಒಂದು ಕಡೆ, ನೂರಕ್ಕೆ ಇಬ್ಬರಿಗಿಂತ ಕಡಿಮೆ ಇನ್ನೊಂದು ಕಡೆ ಎಂದಾಗ, ನಡುವಿನ ಕಂದಕ ಎಷ್ಟು ಅಗಲವೆಂಬುದು ಕಾಣುತ್ತದೆ.

ಆ ಕಂದಕಕ್ಕೆ ನಿಯಮವೊಂದೇ ಕಾರಣವಲ್ಲ. ಸೈನಿಕ ಕುಟುಂಬಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ವರ್ಗ ಮಾಡುತ್ತಾರೆ. ಸ್ನ್ಯಾಪ್‌ನ ಹಣ ಒಕ್ಕೂಟ ಸರ್ಕಾರದ್ದಾದರೂ ಅದನ್ನು ನಡೆಸುವುದು ರಾಜ್ಯಗಳು. ಗಡಿ ದಾಟಿದರೆ ಹಳೆಯ ನೆರವು ಮುಗಿಯುತ್ತದೆ, ಹೊಸ ಅರ್ಜಿ ಮೊದಲಿನಿಂದ ಶುರುವಾಗುತ್ತದೆ. ಮಿತಿಗಳೂ ಬೇರೆ: ವಾಷಿಂಗ್ಟನ್ ರಾಜ್ಯದಲ್ಲಿ ಒಟ್ಟು ಆದಾಯದ ಮಿತಿ ಬಡತನ ರೇಖೆಯ ಶೇಕಡಾ 200, ಕನ್ಸಾಸ್‌ನಲ್ಲಿ 130. ಅಲ್ಲಿನ ಲೂಯಿಸ್ ಮೆಕಾರ್ಡ್ ನೆಲೆಯಿಂದ ಇಲ್ಲಿಗೆ ವರ್ಗವಾಗಿ ಬರುವ ಕುಟುಂಬಕ್ಕೆ, ಸಂಬಳ ಬದಲಾಗದೆಯೇ ಅರ್ಹತೆ ತಪ್ಪಿಹೋಗಬಹುದು. ಪ್ರತಿ ವರ್ಗಾವಣೆಯಲ್ಲೂ ಪತ್ನಿಯ, ಕೆಲವೊಮ್ಮೆ ಪತಿಯ, ಕೆಲಸ ಹೋಗುತ್ತದೆ. ಹೊಸ ಮನೆಯ ಮುಂಗಡ, ದಾರಿಯ ಖರ್ಚು ಮೊದಲು ಕೈಯಿಂದ ಹೋಗಿ, ಮರಳಿ ಬರುವುದರಲ್ಲಿ ಕೆಲವಂತೂ ಬಹಳ ತಡವಾಗಿಯೇ ಬರುತ್ತವೆ.

ಇವೆಲ್ಲಕ್ಕಿಂತ ಗಟ್ಟಿಯಾದ ತಡೆ ಸಂಕೋಚ. ನಮ್ಮ ಪ್ಯಾಂಟ್ರಿಗೆ ಬರುವ ಸೈನಿಕರಲ್ಲಿ ಹಲವರು ಸಮವಸ್ತ್ರದಲ್ಲಿ ಬರುವುದಿಲ್ಲ. ಕೆಲವರು ಹೆಂಡತಿಯನ್ನು ಒಳಗೆ ಕಳಿಸಿ ತಾವು ಕಾರಿನಲ್ಲೇ ಕುಳಿತಿರುತ್ತಾರೆ. ಹಣಕಾಸಿನ ತೊಂದರೆ ಮೇಲಧಿಕಾರಿಗೆ ತಿಳಿದರೆ ಗೋಪ್ಯ ಕೆಲಸಗಳಿಗೆ ಬೇಕಾದ ಭದ್ರತಾ ಅನುಮತಿಗೆ ಕುತ್ತು ಬಂದೀತೆಂಬ ಭಯವನ್ನು ನಾನು ಅನೇಕ ಬಾಯಿಗಳಿಂದ ಕೇಳಿದ್ದೇನೆ. ತೀರಿಸದ ಸಾಲಗಳನ್ನು ಆ ಪರಿಶೀಲನೆಯಲ್ಲಿ ನೋಡುತ್ತಾರೆ ಎಂಬುದು ನಿಜ. ಆದರೆ ಸ್ನ್ಯಾಪ್ ಆಗಲಿ ವಿಕ್ ಆಗಲಿ ಸಾಲವಲ್ಲ. ಇದನ್ನು ಹೇಳಿದಾಗ ಒಬ್ಬ ಯುವಕ ನನ್ನನ್ನು ಮೂರು ಸಲ ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಂಡ. ಸ್ನ್ಯಾಪ್ ಕಾರ್ಡ್ ಹಿಡಿದು ನೆಲೆಯ ದಿನಸಿ ಅಂಗಡಿಯಾದ ಕಮಿಸರಿಯಲ್ಲಿ, ತನ್ನದೇ ತುಕಡಿಯವರ ಹಿಂದೆ ಸಾಲಿನಲ್ಲಿ ನಿಲ್ಲುವುದು ಹೇಗೆ ಎಂಬುದು ಅವನ ಮುಂದಿನ ಪ್ರಶ್ನೆ. ಅದಕ್ಕೆ ನನ್ನಲ್ಲಿ ನಿಯಮದ ಉತ್ತರವಿರಲಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. 2001ರಲ್ಲಿ ಸೈನಿಕರನ್ನು ಫುಡ್ ಸ್ಟ್ಯಾಂಪ್‌ನಿಂದ (ಸ್ನ್ಯಾಪ್‌ನ ಹಳೆಯ ಹೆಸರು) ಬಿಡಿಸಲೆಂದೇ ತಿಂಗಳಿಗೆ 500 ಡಾಲರ್‌ವರೆಗಿನ ವಿಶೇಷ ಭತ್ಯೆ ಶುರುವಾಯಿತು, ಮುಂದೆ ಅದರ ಮಿತಿ 1,100ಕ್ಕೇರಿತು. ಆದರೆ ಅದನ್ನು ಮೇಲಧಿಕಾರಿಗಳ ಮೂಲಕವೇ ಕೇಳಬೇಕಿತ್ತು, ಕೇಳಿದವರು ಬಹಳ ಕಡಿಮೆ. 2016ರಲ್ಲಿ ದೇಶದೊಳಗೆ ಅದು ನಿಂತುಹೋಯಿತು. ಆಮೇಲೆ ಹಸಿವಿನ ವಿರುದ್ಧ ಕೆಲಸ ಮಾಡುವ ಮ್ಯಾಝಾನ್‌ನಂಥ ಸಂಘಟನೆಗಳು ಹೊಸ ಭತ್ಯೆಗಾಗಿ ವರ್ಷಗಟ್ಟಲೆ ಒತ್ತಾಯಿಸಿದವು. ಇರಾಕ್‌ನಲ್ಲಿ ಎರಡೂ ಕಾಲು ಕಳೆದುಕೊಂಡ, ಬಾಲ್ಯದಲ್ಲಿ ಫುಡ್ ಸ್ಟ್ಯಾಂಪ್‌ನ ಆಸರೆ ಪಡೆದ ಕುಟುಂಬದಿಂದ ಬಂದ ಸೆನೆಟರ್ ಟ್ಯಾಮಿ ಡಕ್‌ವರ್ತ್ ಅವರು ಇದರ ಪರ ಮಸೂದೆ ಮಂಡಿಸಿದರು. ಹೀಗೆ 2021ರ ಕೊನೆಯಲ್ಲಿ ಕಾನೂನಾದ ಮೂಲ ಅಗತ್ಯಗಳ ಭತ್ಯೆ 2023ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಆದಾಯ ಮಿತಿ ಮೊದಲು ಬಡತನ ರೇಖೆಯ ಶೇಕಡಾ 130 ಇತ್ತು, ಅದೇ ವರ್ಷ 150ಕ್ಕೇರಿತು. ಅದರಲ್ಲೂ ಬಾಡಿಗೆ ಭತ್ಯೆ ಆದಾಯದ ಲೆಕ್ಕಕ್ಕೆ ಸೇರಿತು. ಬದುಕು ದುಬಾರಿಯಾದ ಪ್ರದೇಶಗಳಲ್ಲಿ ಮಾತ್ರ ಅದನ್ನು ಬಿಡುವ ಅಧಿಕಾರವನ್ನು ಕೊಡಲಾಯಿತು. ನನ್ನ ಮುಂದಿದ್ದ ಕುಟುಂಬಕ್ಕೆ ಆಗಿನ ಮಿತಿ ತಿಂಗಳಿಗೆ 3,900 ಡಾಲರ್. ಸುಮಾರು ನೂರು ನೂರೈವತ್ತು ಡಾಲರ್ ಅಂತರದಲ್ಲಿ ಅದೂ ಕೈತಪ್ಪಿತು. ಹಸಿವನ್ನು ನೀಗಿಸಲೆಂದೇ ಮಾಡಿದ ಕಾನೂನಿನಲ್ಲೂ ಅದೇ ಮೂರನೆಯ ಸಾಲು ಅಡ್ಡ ಬಂದದ್ದು ನನಗೆ ಈಗಲೂ ಅರಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕೆಳದರ್ಜೆಯ ಸೈನಿಕರಿಗೆ, ಜನವರಿಯ ಏರಿಕೆಯೂ ಸೇರಿ, ಶೇಕಡಾ 14.5ರಷ್ಟು ಸಂಬಳ ಹೆಚ್ಚಿತು. ಅದು ದೊಡ್ಡ ಸಹಾಯ, ಬಹಳ ತಡವಾಗಿ ಬಂದದ್ದು. ಆದರೆ ಸ್ನ್ಯಾಪ್‌ನ ನಿಯಮ ಇದ್ದಲ್ಲೇ ಇದೆ.

ಈ ದೇಶ ಊಟಕ್ಕೂ ಸೇನೆಗೂ ಇರುವ ನಂಟನ್ನು ಒಂದು ಕಾಲದಲ್ಲಿ ಚೆನ್ನಾಗಿ ಅರಿತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಪೌಷ್ಟಿಕತೆಯಿಂದಾಗಿ ಅನೇಕ ಯುವಕರು ಸೇನೆಗೆ ಅನರ್ಹರಾದ ಅನುಭವದ ನಂತರ, 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಶಾಲಾ ಊಟದ ಕಾನೂನು ತನ್ನನ್ನು ರಾಷ್ಟ್ರೀಯ ಭದ್ರತೆಯ ಕ್ರಮವೆಂದೇ ಕರೆದುಕೊಂಡಿತು. ಮಕ್ಕಳ ತಟ್ಟೆಯನ್ನು ರಕ್ಷಣೆಯ ವಿಷಯವೆಂದು ಬರೆದ ಅದೇ ಕಾಂಗ್ರೆಸ್, ಸೈನಿಕನ ಮಕ್ಕಳ ತಟ್ಟೆಯ ಲೆಕ್ಕದಿಂದ ಬಾಡಿಗೆ ಭತ್ಯೆಯನ್ನು ತೆಗೆದುಹಾಕುವ ಒಂದು ವಾಕ್ಯವನ್ನು ಸ್ನ್ಯಾಪ್‌ನ ಕಾನೂನಿಗೆ ಸೇರಿಸಬಲ್ಲದು. ಯುದ್ಧರಂಗದಲ್ಲಿ ಸಿಗುವ ಹೆಚ್ಚುವರಿ ವೇತನವನ್ನು ಸ್ನ್ಯಾಪ್ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು 2008ರ ಕೃಷಿ ಮಸೂದೆಯಲ್ಲಿ ಕಾಯಂ ಆಗಿ ಬರೆದಿದ್ದಾರೆ. ಹಾಗಾಗಿ ಇದು ಹಿಂದೆಂದೂ ಮಾಡದ ಕೆಲಸವಲ್ಲ.

ಆ ತಾಯಿಗೆ ಅಂದೇ ವಿಕ್ ಕಚೇರಿಯಲ್ಲಿ ಸಮಯ ಗೊತ್ತು ಮಾಡಿಕೊಟ್ಟೆವು. ಮಗಳ ಶಾಲೆಯ ಊಟದ ಅರ್ಜಿಯನ್ನು ಅಲ್ಲೇ ತುಂಬಿದೆವು. ಮೂರು ವಾರದ ನಂತರ ಆಕೆ ಮತ್ತೆ ಬಂದಾಗ ಮಗನಿಗೆ ಹಾಲು, ಮೊಟ್ಟೆ, ಕಡಲೆಕಾಯಿ ಬೆಣ್ಣೆ, ತಿಂಗಳಿಗೆ 26 ಡಾಲರಿನ ಹಣ್ಣು ತರಕಾರಿ ಸಿಗಲು ಶುರುವಾಗಿತ್ತು. ಸ್ನ್ಯಾಪ್ ತಿರಸ್ಕಾರದ ಪತ್ರ ಆಗಲೂ ಆಕೆಯ ಕೈಯಲ್ಲೇ ಇತ್ತು. ಅದನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಆಕೆ ಪತ್ರವನ್ನು ವೇತನ ಚೀಟಿಗಳಿದ್ದ ನೀಲಿ ಫೈಲಿನೊಳಗೆ ಸೇರಿಸುತ್ತಾ, "ಇನ್ನೆರಡು ವರ್ಷಕ್ಕೆ ಬೇರೆ ರಾಜ್ಯಕ್ಕೆ ಹೋಗುತ್ತೇವೆ ಮ್ಯಾಮ್. ಅಲ್ಲಿ ಮತ್ತೆ ಎಲ್ಲವನ್ನೂ ಕೇಳುತ್ತಾರಲ್ಲ" ಎಂದರು.