ಇನ್‌ಟೇಕ್ ಬದಲಾಯಿಸಿದ ಮೇಲೆ ಪೆಟ್ರೋಲ್ ಲೆಕ್ಕ ನೋಡಿದಿರಾ?

ಇನ್‌ಟೇಕ್‌ನಲ್ಲಿ, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ, ಹಳೆ ಏರ್‌ಬಾಕ್ಸ್ ತೆಗೆದು ಕೋನ್ ಫಿಲ್ಟರ್ ಹಾಕಿಸಿದವರೆಲ್ಲ ಕೇಳುವುದು ಒಂದೇ, ಈಗ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಲೆಕ್ಕ ತಿದ್ದುವುದು) ಮಾಡಿಸಲೇಬೇಕಾ ಅಂತ. ಮೊದಲು ನಿಮ್ಮ ಎಂಜಿನ್ ಗಾಳಿಯನ್ನು ಹೇಗೆ ಅಳೆಯುತ್ತದೆ ನೋಡಿ.

2005ರಲ್ಲಿ ಬಂದ ಸ್ವಿಫ್ಟ್‌ನ 1.3 ಪೆಟ್ರೋಲ್ ಎಂಜಿನ್‌ನಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಹೇಳುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಅದಕ್ಕೆ ಆರ್‌ಪಿಎಂ ಮತ್ತು ಗಾಳಿಯ ಬಿಸಿ ಸೇರಿಸಿ ಲೆಕ್ಕ ಹಾಕುತ್ತದೆ. ಥ್ರಾಟಲ್‌ಗಿಂತ ಮುಂಚೆ ಫಿಲ್ಟರ್ ಬದಲಾದರೆ ಅದು ಒತ್ತಡದಲ್ಲೇ ಗೊತ್ತಾಗುತ್ತದೆ. ಬರೀ ಫಿಲ್ಟರ್‌ಗೋಸ್ಕರ ರೀಮ್ಯಾಪ್‌ಗೆ ದುಡ್ಡು ಸುರಿಯಬೇಡಿ.

ಒಳಗೆ ಹೋಗುವ ಗಾಳಿಯನ್ನೇ ನೇರವಾಗಿ ಅಳೆಯುವ ಮ್ಯಾಫ್ ಸೆನ್ಸರ್ ಇದ್ದರೆ ಕಥೆಯೇ ಬೇರೆ. ಅದರೊಳಗೆ ಕೂದಲೆಳೆಯಂಥ ಒಂದು ಬಿಸಿ ತಂತಿ. ಗಾಳಿ ಹಾಯ್ದು ತಂತಿ ತಣ್ಣಗಾಗುತ್ತದೆ, ಅದನ್ನು ಮತ್ತೆ ಬಿಸಿ ಇಡೋಕೆ ಎಷ್ಟು ಕರೆಂಟ್ ಬೇಕಾಯಿತೋ ಅದೇ ಗಾಳಿಯ ಅಳತೆ. ಪೈಪ್ ಎಷ್ಟು ಅಗಲ ಅಂತ ತಂತಿಗೆ ಗೊತ್ತಿಲ್ಲ. ಸೆನ್ಸರ್ ಕೂರುವ ಜಾಗದಲ್ಲಿ 70 ಎಂಎಂ ಪೈಪ್ ತೆಗೆದು 80 ಹಾಕಿದರೆ ಗಾಳಿಯ ವೇಗ ಇಳಿಯುತ್ತದೆ, 100 ಗ್ರಾಂ ಹೋದರೂ ಅದು ಹೇಳುವುದು ಸುಮಾರು 77. ಅಷ್ಟಕ್ಕೆ ತಕ್ಕಷ್ಟೇ ಪೆಟ್ರೋಲ್ ಬೀಳುತ್ತದೆ. ನಿಧಾನವಾಗಿ ಓಡಿಸುವಾಗ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಮಾಡುತ್ತದೆ, ಆದರೆ ಅದರ ಮಿತಿ ಸಾಮಾನ್ಯವಾಗಿ 25 ಪರ್ಸೆಂಟ್ ಆಸುಪಾಸು, ಇಲ್ಲಿ ಬೇಕಾಗಿರುವುದು 30. ಚೆಕ್ ಎಂಜಿನ್ ಲೈಟ್ ಬರುತ್ತದೆ, ಕೋಡ್ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ.

ಲೈಟ್ ಬಂದರೆ ಪರವಾಗಿಲ್ಲ. ನನಗೆ ಭಯ ಫುಲ್ ಥ್ರಾಟಲ್‌ದು. ಆಗ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ, ಗಾಳಿ ಕಡಿಮೆ ಅಂತ ನಂಬಿಕೊಂಡು ಇಗ್ನಿಷನ್ ಟೈಮಿಂಗನ್ನೂ ಜಾಸ್ತಿ ಮಾಡುತ್ತದೆ, ಅಂದರೆ ಕಿಡಿ ಇನ್ನೂ ಬೇಗ ಹಾರುತ್ತದೆ. ಪೆಟ್ರೋಲ್ ಕಡಿಮೆ, ಟೈಮಿಂಗ್ ಜಾಸ್ತಿ, ಪಿಸ್ಟನ್ ಹೋಗೋಕೆ ಇನ್ನೇನು ಬೇಕು?

ಹಾಗಾಗಿ ಇಸಿಯು ಅಂಕಿಗಳನ್ನು ಫೋನ್‌ನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಒಂದು ತಗೊಂಡು ಇನ್‌ಟೇಕ್ ಬದಲಾಯಿಸುವ ಮುಂಚೆಯೇ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡಿಕೊಂಡಿದೆ ಅನ್ನುವ ಅಂಕಿ) ಬರೆದಿಟ್ಟುಕೊಳ್ಳಿ. ಬದಲಾದ ಮೇಲೆ ಐಡಲ್‌ನಲ್ಲಿ ಮಾತ್ರ ಜಾಸ್ತಿ ಇದ್ದು 2500 ಆರ್‌ಪಿಎಂಗೆ ಇಳಿದರೆ ಎಲ್ಲೋ ಗಾಳಿ ಲೀಕ್ ಇದೆ, ಹೋಸ್ ಕ್ಲಾಂಪ್ ನೋಡಿ. ಎಲ್ಲ ಕಡೆ ಒಂದೇ ಥರ ಜಾಸ್ತಿ ಇದ್ದರೆ ಮ್ಯಾಫ್ ಟೇಬಲ್, ಅಂದರೆ ಸೆನ್ಸರ್ ಸಿಗ್ನಲ್ ಎಷ್ಟಿದ್ದರೆ ಗಾಳಿ ಎಷ್ಟು ಅನ್ನುವ ಇಸಿಯು ಪಟ್ಟಿ, ತಿದ್ದಬೇಕು. ಇಲ್ಲಿ ತುಂಬಾ ಜನ ಟೇಬಲ್ ಬಿಟ್ಟು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ನಂಬರ್ ತಿರುಚುತ್ತಾರೆ, ಅದು ಬೇಡ. ತಪ್ಪಿರುವುದು ಗಾಳಿಯ ಲೆಕ್ಕ ಅಲ್ವಾ, ಅದನ್ನೇ ಸರಿ ಮಾಡಿ, ಟೈಮಿಂಗೂ ಜಾಗಕ್ಕೆ ಬರುತ್ತದೆ.

ಫುಲ್ ಥ್ರಾಟಲ್‌ಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಕೈ ಹಾಕಲೇಬೇಡಿ. ಒಂದು ಗ್ರಾಂ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ ಅನ್ನುವುದು ಶುದ್ಧ ಪೆಟ್ರೋಲ್‌ನ ಲೆಕ್ಕ, ಈಗ ಬಂಕ್‌ನಲ್ಲಿ ಸಿಗುವ ಇ20ಗೆ (20 ಪರ್ಸೆಂಟ್ ಎಥನಾಲ್ ಬೆರೆಸಿದ್ದು) ಅದು ಸುಮಾರು 13.5. ಆದ್ದರಿಂದ ಲ್ಯಾಂಬ್ಡಾದಲ್ಲೇ ನೋಡಿ, ಯಾವ ಪೆಟ್ರೋಲ್ ಆದರೂ ಸರಿಯಾದ ಮಿಶ್ರಣಕ್ಕೆ ಅದು 1, ಪೆಟ್ರೋಲ್ ಜಾಸ್ತಿಯಾದರೆ 1ಕ್ಕಿಂತ ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ಗೆ 0.85ರಿಂದ 0.88 ಒಳ್ಳೆಯದು.

ಹಳೆ ಏರ್‌ಬಾಕ್ಸ್ ಮಾರಬೇಡಿ. ಏನಾದರೂ ಅನುಮಾನ ಬಂದಾಗ ಅದನ್ನೇ ವಾಪಸ್ ಹಾಕಿ ಟ್ರಿಮ್ ನೋಡಿದರೆ ತಪ್ಪು ಇನ್‌ಟೇಕ್‌ದೋ ಬೇರೆಯದೋ ಗೊತ್ತಾಗುತ್ತದೆ.