ಅರ್ಧ ಗೇಣು ವೈರ್

ಗೊರಬಲಿನ ಗುಡ್ಡೆ ಮೇಲೆ ರಾಶಿ ಇಡಿ ಸುರಿದರೆ ಏನಾಗುತ್ತೆ ಅಂತ ಅಡಿಕೆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಎರಡೂ ಅಡಿಕೆಯ ಬೇರೆ ಬೇರೆ ದರ್ಜೆ, ಬೆರೆಯಬಾರದು. ಸುರಿದವನು ನಾನೇ. ಕೈಯಾರೆ ಅಲ್ಲ, ಮೆಷಿನ್ ಕೈಲಿ ಸುರಿಸಿದೆ. ಅದನ್ನು ಬೇರೆ ಮಾಡಲು ಎಂಟು ಹೆಂಗಸರು ಎರಡೂವರೆ ದಿನ ಕೂತರು. ಅವರಲ್ಲೊಬ್ಬರು ಇವತ್ತಿಗೂ ನನ್ನನ್ನು ಕಂಡರೆ "ಸಾರ್, ಇವತ್ತು ಯಾವುದಕ್ಕೆ ಯಾವುದು ಬೆರೆಸ್ತೀರಿ?" ಅಂತ ಕೇಳುತ್ತಾರೆ. ನಾನೂ ನಗುತ್ತೇನೆ. ಇನ್ನೇನು ಮಾಡಲಿ?

ಶಿವಮೊಗ್ಗದ ಹೊರಗೆ ಒಂದು ಅಡಿಕೆ ಗ್ರೇಡಿಂಗ್ ಯೂನಿಟ್‌ನಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮಾಲು ಸುರಿಯುವ ಹಾಪರ್, ಅದನ್ನು ಮುಂದಕ್ಕೆ ಒಯ್ಯುವ ಫೀಡ್ ಬೆಲ್ಟ್, ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಮೇಲಕ್ಕೆತ್ತುವ ಎರಡು ಬಕೆಟ್ ಎಲಿವೇಟರ್, ಜರಡಿ, ಕಲರ್ ಸಾರ್ಟರ್, ಬಿನ್‌ಗಳು, ತೂಕ, ಹೊಲಿಗೆ. ಹೇಳಿದರೆ ಇಷ್ಟೇ. ಮಳೆಗಾಲ ಬಂತೆಂದರೆ ಒಂದೊಂದೂ ಒಂದೊಂದು ರಾಗ ತೆಗೆಯುತ್ತದೆ.

ಪುನರ್ವಸು ಮಳೆ ಹಿಡಿದಿತ್ತು. ಗಾಜನೂರು ಡ್ಯಾಮಿನ ಗೇಟ್ ತೆಗೆದಿದ್ದರು. ತುಂಗೆಯ ಮಂಟಪ ಮುಳುಗಿತಾ ಇಲ್ವಾ ಅಂತ ಊರಿಗೆ ಊರೇ ಸೇತುವೆ ಕಡೆ ಹೋಗಿ ನೋಡುತ್ತಿದ್ದ ವಾರ ಅದು. ಸೋಮವಾರ ಬೆಳಿಗ್ಗೆ ಎಲಿವೇಟರ್ 2 ಟ್ರಿಪ್ ಆಯಿತು, ಅಂದರೆ ತಾನಾಗಿ ನಿಂತಿತು. ಪ್ಯಾನೆಲ್‌ನಲ್ಲಿ 'ಸ್ಪೀಡ್ ಲೋ' ಅಂತ ಬಂತು. ರೀಸೆಟ್ ಕೊಟ್ಟೆವು, ಓಡಿತು. ಮಧ್ಯಾಹ್ನ ಮತ್ತೆ ಟ್ರಿಪ್. ನಾನೇ ಹೋಗಿ ಬೂಟ್ (ಎಲಿವೇಟರ್‌ನ ತಳ) ಶಾಫ್ಟ್ ಹತ್ತಿರದ, ಅದರ ಸುತ್ತು ಎಣಿಸುವ ಪ್ರಾಕ್ಸಿ ಸೆನ್ಸರ್ ಒರೆಸಿ, ಗ್ಯಾಪ್ ಸರಿ ಮಾಡಿ ಬಂದೆ. ರಿಜಿಸ್ಟರ್‌ನಲ್ಲಿ 'ಸೆನ್ಸರ್ ದೋಷ' ಅಂತ ಬರೆದೆ.

ಹಾಗೆ ಬರೆಯೋಕೆ ಕಾರಣವೂ ಇತ್ತು. ಹಿಂದಿನ ಮಳೆಗಾಲದಲ್ಲಿ ಇದೇ ಪ್ರಾಕ್ಸಿಯ ಜಂಕ್ಷನ್ ಬಾಕ್ಸಿಗೆ ನೀರು ಹೋಗಿ, ಮೂರು ದಿನ ನಮ್ಮನ್ನು ಕುಣಿಸಿತ್ತು. ಒಂದು ಸಲ ಸುಳ್ಳು ಹೇಳಿದವನ ಮಾತನ್ನು ಎರಡನೇ ಸಲ ಯಾರು ಕೇಳುತ್ತಾರೆ? ಮಂಗಳವಾರ ಹೊಸ ಪ್ರಾಕ್ಸಿ ಹಾಕಿದೆ. ಟ್ರಿಪ್. ಕೇಬಲ್ ಬದಲಿಸಿದೆ. ಟ್ರಿಪ್. ಆಂಪ್ಸ್ ನೋಡಿದೆ. 7.5 ಎಚ್‌ಪಿ ಮೋಟಾರು, ನೇಮ್‌ಪ್ಲೇಟ್ ಪ್ರಕಾರ 11 ಆಂಪ್ಸ್, ಓಡುತ್ತಿದ್ದದ್ದು 8ರಲ್ಲಿ. "ನೋಡಿ, ಮೋಟಾರಿಗೆ ಭಾರವೇ ಇಲ್ಲ. ಮೆಕ್ಯಾನಿಕಲ್ ಎಲ್ಲಾ ಓಕೆ" ಅಂತ ಪ್ರೊಡಕ್ಷನ್‌ನವರ ಮುಂದೆ ಎದೆ ಉಬ್ಬಿಸಿ ಹೇಳಿದ್ದು ನಾನೇ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತೆ. ಬೆಲ್ಟ್ ಜಾರುವಾಗ ಮೋಟಾರಿಗೆ ಭಾರ ಎಲ್ಲಿಂದ ಬರಬೇಕು? ಹಿಡಿತವೇ ಇಲ್ಲದ ಮೇಲೆ ಪುಲ್ಲಿ ಆರಾಮಾಗಿ ತಿರುಗುತ್ತದೆ. ಭಾರ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಓಎಲ್‌ಆರ್ ಆ ಜಾರಾಟವನ್ನು ಜನ್ಮದಲ್ಲಿ ಹಿಡಿಯುವುದಿಲ್ಲ. ಹಿಡಿಯಲಿ ಅಂತಲೇ ಬೂಟಿನಲ್ಲಿ ಪ್ರಾಕ್ಸಿ ಇಟ್ಟಿರುತ್ತಾರೆ.

ಬುಧವಾರ ಸಂಜೆಯೊಳಗೆ ಐದು ಸಲ ನಿಂತಿತು. ಕಾನ್ಪುರದ ಲೋಡ್ ರಾತ್ರಿಯೇ ಹೊರಡಬೇಕಿತ್ತು. ಲಾರಿ ಡ್ರೈವರ್ ಸ್ಟವ್ ಹಚ್ಚಿ ಚಪಾತಿ ಮಾಡಿಕೊಂಡು ಕೂತಿದ್ದ. ಮ್ಯಾನೇಜರ್ ಪ್ರತಿ ಕಾಲು ಗಂಟೆಗೊಮ್ಮೆ ಗ್ರೂಪಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ನಾನು ಎಲೆಕ್ಟ್ರಿಷಿಯನ್‌ಗೆ ಹೇಳಿದೆ: "ಸ್ಪೀಡ್ ರಿಲೇ ಕಾಂಟ್ಯಾಕ್ಟಿಗೆ ಜಂಪರ್ ಹಾಕು. ಇವತ್ತು ಒಂದು ರಾತ್ರಿ ಮಾತ್ರ." ಅವನು ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಅರ್ಧ ಗೇಣು ವೈರ್ ಸುಲಿದು ಹಾಕಿದ. ಇನ್ನು ಪ್ರಾಕ್ಸಿ ಏನೇ ಹೇಳಿದರೂ ರಿಲೇ ಎಲಿವೇಟರನ್ನು ನಿಲ್ಲಿಸುವ ಹಾಗಿರಲಿಲ್ಲ. ಎಲಿವೇಟರ್ ಎರಡು ಗಂಟೆ ನಿಲ್ಲದೆ ಓಡಿತು. ನಾನು ಗೆದ್ದವನ ಹಾಗೆ ಟೀ ಕುಡಿದೆ.

ಏಳೂ ಮುಕ್ಕಾಲಿಗೆ ಟೈರ್ ಸುಟ್ಟ ವಾಸನೆ ಬಂತು. ಚಳಿಗೆ ಯಾರೋ ಹೊರಗೆ ಟೈರ್ ಹಚ್ಚಿದ್ದಾರೆ ಅಂದುಕೊಂಡೆ. ಆಮೇಲೆ ಲಾರಿಯ ಬ್ರೇಕ್ ಇರಬಹುದು ಅನ್ನಿಸಿತು. ಲಾರಿ ನಿಂತು ಐದು ಗಂಟೆಯಾಗಿತ್ತು, ಅಷ್ಟೂ ಹೊಳೆಯಲಿಲ್ಲ. ಪ್ಯಾನೆಲ್ ನೋಡಿದೆ. ಎಲ್ಲಾ ಹಸಿರು. ಎಲ್ಲಾ ಹಸಿರು ಅಂದಮೇಲೆ ಮತ್ತೇನು ಅಂತ ಲೋಟದಲ್ಲಿ ಉಳಿದಿದ್ದ ಟೀಯನ್ನೂ ಮುಗಿಸಿದೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು. ಶೀಟಿನ ಮೇಲೆ ಮಳೆ ಬೀಳುವಾಗ ನಮ್ಮಲ್ಲಿ ಪಕ್ಕದವನ ಮಾತೂ ಕೇಳಲ್ಲ. ಕೈಸನ್ನೆ ನೋಡಿ ಇಳಿದು ಓಡಿದೆ.

ಬೂಟ್ ಪಿಟ್ ತುಂಬಿ ಅಡಿಕೆ ಹೊರಗೆ ಉಕ್ಕುತ್ತಿತ್ತು. ಬಕೆಟ್‌ಗಳು ಹೆಚ್ಚುಕಮ್ಮಿ ನಿಂತೇಬಿಟ್ಟಿದ್ದವು. ಮೇಲೆ ಹೆಡ್ ಪುಲ್ಲಿ ಮಾತ್ರ ತನ್ನ ಪಾಡಿಗೆ ಗಿರ್ ಅಂತ ತಿರುಗುತ್ತಿತ್ತು. ಪಕ್ಕದಲ್ಲಿದ್ದ ಲೋಕಲ್ ಸ್ಟಾಪ್ ಒತ್ತಿದೆ. ಎಲಿವೇಟರ್ ಡ್ರೈವ್ ನಿಂತಿತು.

ಫೀಡ್ ಬೆಲ್ಟ್ ನಿಲ್ಲಲಿಲ್ಲ.

ನನಗೆ ಅರ್ಥವೇ ಆಗಲಿಲ್ಲ. ಮುಂದಿನದು ನಿಂತರೆ ಹಿಂದಿನದು ನಿಲ್ಲಬೇಕು. ಕನ್ವೇಯರ್ ಕೆಲಸದಲ್ಲಿ ಮೊದಲನೇ ದಿನ ಕಲಿಯುವ ಪಾಠ ಅದು. ನಿಂತಿದ್ದೇನೆ, ಬೆಲ್ಟ್ ತಂದು ತಂದು ಸುರಿಯುತ್ತಿದೆ. ಲೈನ್ ನಡೆಸುವ ಕಂಪ್ಯೂಟರ್ ಆದ ನಮ್ಮ ಪಿಎಲ್‌ಸಿಯಲ್ಲಿ ಫೀಡ್ ಬೆಲ್ಟಿಗೆ ಅನುಮತಿ ಸಿಗುವುದು ಎಲಿವೇಟರ್ ಮೋಟಾರಿನ ಸ್ವಿಚ್ ಆದ ಕಾಂಟ್ಯಾಕ್ಟರ್‌ನಿಂದಲ್ಲ, ಅದೇ ಸ್ಪೀಡ್ ರಿಲೇಯಿಂದ ಅಂತ ನನಗೆ ಗೊತ್ತಾಗಿದ್ದು ಮಾರನೇ ದಿನ ಡ್ರಾಯಿಂಗ್ ಬಿಡಿಸಿದಾಗ. ಬೂಟ್ ನಿಜವಾಗಿ ತಿರುಗುತ್ತಿದ್ದರೆ ಮಾತ್ರ ಮಾಲು ಕೊಡು ಅಂತ ಬರೆದವನು ಬುದ್ಧಿವಂತ. ನಾನು ಒಂದು ವೈರಿನಲ್ಲಿ ಎರಡನ್ನೂ ಕೊಂದಿದ್ದೆ. ಎಲಿವೇಟರ್ ಸತ್ತು ಬಿದ್ದಿದ್ದರೂ ಪಿಎಲ್‌ಸಿಗೆ ಅದು ಫುಲ್ ಸ್ಪೀಡಿನಲ್ಲಿ ಓಡುತ್ತಿತ್ತು.

ಎಳೆದು ಬೆಲ್ಟ್ ನಿಲ್ಲಿಸುವ ಪುಲ್ ಕಾರ್ಡ್ ಮೂವತ್ತು ಹೆಜ್ಜೆ ದೂರ. ಅಡಿಕೆ ಮೇಲೆ ಓಡುವುದು ಗೋಲಿ ಮೇಲೆ ಓಡಿದ ಹಾಗೆ. ಒಂದು ಸಲ ಬಿದ್ದೆ. ಕಾರ್ಡ್ ಎಳೆದರೆ ಬರೀ ಹಗ್ಗದ ಸಡಿಲ ಕೈಗೆ ಬಂತು. ಮತ್ತೆ ಎರಡೂ ಕೈಯಲ್ಲಿ ಎಳೆದ ಮೇಲೆ ಬೆಲ್ಟ್ ನಿಂತಿತು. ಪಕ್ಕದಲ್ಲೇ ಗೊರಬಲು ಗುಡ್ಡೆ ಹಾಕಿತ್ತು ಅಂತ ಆಗ ನೋಡಿದೆ. ರಾಶಿ ಹೋಗಿ ಅದರ ಮೇಲೆ ಹರಡಿ ಕೂತಿತ್ತು.

ಮಾಲು ಹಾಳಾದದ್ದು ದೊಡ್ಡದಲ್ಲ. ನನ್ನನ್ನು ಈಗಲೂ ರಾತ್ರಿ ಎಬ್ಬಿಸುವುದು ಅದಾದ ಮೇಲಿನ ಅರ್ಧ ನಿಮಿಷ. ತಿರುಗಿ ನೋಡಿದರೆ ಹೊಸ ಹುಡುಗ ಬೂಟಿನ ಕ್ಲೀನಿಂಗ್ ಬಾಗಿಲು ತೆಗೆದು ಕೈಯಲ್ಲೇ ತೋಡುತ್ತಿದ್ದಾನೆ. ಮೊಣಕೈವರೆಗೆ ಒಳಗಿದೆ. ಪಾಪ, ಸಹಾಯ ಮಾಡೋಣ ಅಂತ. ಅದೇ ಹೊತ್ತಿಗೆ ಮೇಲೆ ಪ್ಯಾನೆಲ್ ರೂಮಿನ ಕಿಟಕಿಯಿಂದ ಆಪರೇಟರ್ ತಲೆ ಹೊರಗೆ ಹಾಕಿ, ಬೆರಳಿನಲ್ಲಿ ಬಟನ್ ಒತ್ತುವ ಸನ್ನೆ ಮಾಡಿ ಕೇಳಿದ: ರೀಸೆಟ್ ಕೊಡ್ಲಾ?

ಮೂರು ದಿನದಿಂದ ಅವನಿಗೆ ಅಭ್ಯಾಸ ಮಾಡಿಸಿದ್ದು ನಾನೇ. ನಿಂತರೆ ರೀಸೆಟ್. ನಾನು ಬೇಡ ಅಂತ ಕೂಗಿದ್ದು ಮಳೆಯಲ್ಲಿ ಹೋಯಿತು. ಕೈ ಎತ್ತಿ ಬೀಸಲು ಹೋದೆ. ನಮ್ಮಲ್ಲಿ ಕೈ ಬೀಸಿದರೆ ಲೈನ್ ಕೊಡು ಅಂತ ಅರ್ಥ. ಅರ್ಧಕ್ಕೆ ಎತ್ತಿದ ಕೈ ಹಾಗೇ ಇಳಿಸಿದೆ. ಆಮೇಲೆ ಏನು ಮಾಡಿದೆ ಅಂತ ಸರಿಯಾಗಿ ನೆನಪಿಲ್ಲ. ಹುಡುಗನ ಕಾಲರ್ ಹಿಡಿದು ಹಿಂದಕ್ಕೆ ಎಳೆದೆ ಅಂತ ಅವನು ಹೇಳುತ್ತಾನೆ. ಕಾಲರ್ ಹರಿದದ್ದಂತೂ ನಿಜ, ಹೊಸ ಶರ್ಟ್ ಕೊಡಿಸಿದ್ದೇನೆ. ಆಪರೇಟರ್ ರೀಸೆಟ್ ಕೊಡಲಿಲ್ಲ. "ನಿಮ್ಮ ಮುಖ ನೋಡಿ ಸುಮ್ನಾದೆ" ಅಂದ.

ರೀಸೆಟ್ ಬಿಡಿ, ಇನ್ನೊಂದು ಲೆಕ್ಕ ಇತ್ತು. ಮೇಲೇರುವ ಕಡೆಯ ಬಕೆಟ್‌ಗಳೆಲ್ಲ ತುಂಬಿದ್ದವು, ಇಳಿಯುವ ಕಡೆಯವು ಖಾಲಿ. ಹಿಂದಕ್ಕೆ ತಿರುಗದಂತೆ ಹಿಡಿಯುವ ಬ್ಯಾಕ್‌ಸ್ಟಾಪ್ ಕೈಕೊಟ್ಟಿದ್ದರೆ ಇಡೀ ಬೆಲ್ಟ್ ಹಿಂದಕ್ಕೆ ಜಾರಿ ಆ ಕೈ ಸಮೇತ ತಿರುಗುತ್ತಿತ್ತು. ಅದು ಹಿಡಿದುಕೊಂಡಿತ್ತು. ಎರಡು ವರ್ಷದಲ್ಲಿ ಒಂದು ಸಲವೂ ಆ ಬ್ಯಾಕ್‌ಸ್ಟಾಪ್ ತೆಗೆದು ನೋಡಿರಲಿಲ್ಲ ನಾನು.

ಐಸೋಲೇಟರ್ ಎಳೆದು ಕರೆಂಟ್ ಕಡಿದು, ಯಾರೂ ಮತ್ತೆ ಹಾಕದ ಹಾಗೆ ಬೀಗ ಹುಡುಕಿದೆವು. ಬೀಗ ಸ್ಟೋರಿನಲ್ಲಿ, ಸ್ಟೋರಿನ ಕೀ ಸ್ಟೋರ್‌ಕೀಪರ್ ಹತ್ತಿರ, ಸ್ಟೋರ್‌ಕೀಪರ್ ಮಂಟಪ ನೋಡಲು ಹೋಗಿದ್ದ. ಕೊನೆಗೆ ನನ್ನ ಬೈಕಿನ ಚೈನ್ ಲಾಕ್ ಹಾಕಿದೆ.

ಒಂಬತ್ತೂವರೆಗೆ ಹೆಡ್ ಕವರ್ ಬಿಚ್ಚಿದೆವು. ಪುಲ್ಲಿ ಇನ್ನೂ ಮುಟ್ಟುವ ಹಾಗಿರಲಿಲ್ಲ. ಪುಲ್ಲಿಗೆ ಹಿಡಿತ ಕೊಡುವ ರಬ್ಬರ್ ಹೊದಿಕೆ ಲ್ಯಾಗಿಂಗ್ ಸವೆದು, ತಲೆಗೆ ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಮೇಲಿನ ಶೀಟಿನ ತೂತಿನಿಂದ ನೀರು ತೊಟ್ಟಿಕ್ಕಿ ಕವರಿನ ಸಂದಿನಿಂದ ಒಳಗೆ ಹೋಗುತ್ತಿತ್ತು. ಕೆಳಗೆ ಟೇಕಪ್ ಸ್ಕ್ರೂ ಎರಡೂ ಕಡೆ ಕೊನೆ ಮುಟ್ಟಿತ್ತು. ಅಂದರೆ ಬೆಲ್ಟ್ ಉದ್ದವಾಗಿ, ಬಿಗಿ ಮಾಡಲು ಜಾಗವೇ ಉಳಿದಿರಲಿಲ್ಲ. ಇದರಲ್ಲಿ ಯಾವುದೂ ಒಂದು ರಾತ್ರಿಯಲ್ಲಿ ಆಗಿದ್ದಲ್ಲ. ಲ್ಯಾಗಿಂಗ್ ಬೇಕು ಅಂತ ಮಾರ್ಚ್‌ನಲ್ಲೇ ಇಂಡೆಂಟ್ ಹಾಕಿದ್ದೆ, ಸೀಸನ್ ಮುಗಿಯಲಿ ಅಂದಿದ್ದರು. ಅದು ಅವರ ತಪ್ಪು. ಟೇಕಪ್ ನೋಡದೆ ಇದ್ದದ್ದು ನನ್ನದು. ಕೆಳಗೆ ಬಗ್ಗಿ ನೋಡಿದ್ದರೆ ಸಾಕಿತ್ತು. ಪ್ರಾಕ್ಸಿ ಒರೆಸಲು ನಾಲ್ಕು ಸಲ ಅಲ್ಲೇ ಮೊಣಕಾಲೂರಿ ಕೂತಿದ್ದೆ, ಸ್ಕ್ರೂ ಒಂದು ಗೇಣು ಆಚೆ ಇತ್ತು.

ಮಾರನೇ ದಿನ ಬೂಟ್ ಖಾಲಿ ಮಾಡಿ, ಕವರ್ ಹಾಕಿ, ರಿಪೇರಿಗೆ ಮುಂಚೆ ಐದು ನಿಮಿಷ ಸ್ವಲ್ಪ ಮಾಲು ಕೊಟ್ಟು ಓಡಿಸಿದೆ. ಎರಡೂ ಶಾಫ್ಟಿನ ತುದಿಗೆ ಸೀಮೆಸುಣ್ಣದ ಗೆರೆ ಹಾಕಿ, ಗಡಿಯಾರ ಹಿಡಿದು ಎಣಿಸಿದೆವು. ಪುಲ್ಲಿ ಎರಡೂ ಒಂದೇ ಅಳತೆಯವು. ಹೆಡ್ ನಿಮಿಷಕ್ಕೆ 72 ಸುತ್ತು. ಬೂಟ್ 55. ರಿಲೇ ಸೆಟ್ಟಿಂಗ್ 80 ಪರ್ಸೆಂಟ್, ಅಂದರೆ 57ರ ಮೇಲೆ ಸ್ವಲ್ಪ. ಪ್ರಾಕ್ಸಿ ಹೇಳಿದ್ದು ಪೈಸಾ ಲೆಕ್ಕದಲ್ಲಿ ಸರಿ. ಈ ಎಣಿಕೆಗೆ ಬೇಕಾಗಿದ್ದು ಒಂದು ಸೀಮೆಸುಣ್ಣ. ಸುತ್ತು ಅಳೆಯುವ ಟ್ಯಾಕೋಮೀಟರ್ ಕೂಡ ಬೀರುವಿನಲ್ಲಿತ್ತು, ಸೆಲ್ ಸೋರಿ ಹಸಿರಾಗಿತ್ತು.

ಆ 80 ಅನ್ನುವುದನ್ನು ಪ್ಯಾನೆಲ್ ಮಾಡಿದವರು ಸುಮ್ನೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಕೂತು ಓದಿದೆ. 1977ರ ಡಿಸೆಂಬರ್‌ನಲ್ಲಿ ಅಮೆರಿಕದ ಲೂಸಿಯಾನಾದ ವೆಸ್ಟ್‌ವಿಗೋದಲ್ಲಿ ಧಾನ್ಯದ ಘಟಕವೊಂದು ಧೂಳಿಗೆ ಬೆಂಕಿ ತಗುಲಿ ಸಿಡಿದು 36 ಜನ ಸತ್ತರು. ಐದೇ ದಿನಕ್ಕೆ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಇನ್ನೊಂದು ಸಿಡಿಯಿತು. ಹತ್ತು ವರ್ಷ ಕಳೆದು 1987ರಲ್ಲಿ ಅಲ್ಲಿ ಧಾನ್ಯದ ಘಟಕಗಳಿಗೆ ನಿಯಮ ಬಂತು. ಬಕೆಟ್ ಎಲಿವೇಟರ್‌ನ ಬೆಲ್ಟ್ ವೇಗ 20 ಪರ್ಸೆಂಟಿಗಿಂತ ಜಾಸ್ತಿ ಇಳಿಯುವ ಮೊದಲು ಅದು ತಾನಾಗಿ ನಿಲ್ಲಬೇಕು ಅಂತಲೂ ಅದರಲ್ಲಿ ಬರೆದಿದ್ದಾರೆ. ಜಾರುವ ಬೆಲ್ಟ್ ಪುಲ್ಲಿಯನ್ನು ಕಾಯಿಸುತ್ತೆ, ಎಲಿವೇಟರ್ ಒಳಗೆ ಧೂಳು ಇದ್ದೇ ಇರುತ್ತೆ. ನಮ್ಮ ಹೆಡ್ಡಿನ ಒಳಗೂ ಎರಡು ಬೆರಳು ದಪ್ಪ ಸಿಪ್ಪೆ ಧೂಳು ಕೂತಿತ್ತು. ಆ ರಾತ್ರಿ ಸೂರಿನ ಸೋರಿಕೆಯಿಂದ ಅದು ಒದ್ದೆಯಾಗಿತ್ತು. ಬೆಲ್ಟ್ ಜಾರಿಸಿದ ಮಳೆ ನೀರೇ ನಮ್ಮನ್ನು ಉಳಿಸಿತೋ ಏನೋ ಅಂತ ಒಮ್ಮೊಮ್ಮೆ ಅನ್ನಿಸುತ್ತೆ.

ಬೆಲ್ಟ್ ಕತ್ತರಿಸಿ ಹೊಸ ಜಾಯಿಂಟ್ ಹಾಕಿದೆವು. ಪುಲ್ಲಿಗೆ ಡೈಮಂಡ್ ಗ್ರೂವ್ ಲ್ಯಾಗಿಂಗ್ ಬಂತು, ಮೂರೇ ದಿನದಲ್ಲಿ. ಮಾರ್ಚ್‌ನಿಂದ ಬಾರದ್ದು ಮೂರು ದಿನದಲ್ಲಿ ಹೇಗೆ ಬಂತು ಅಂತ ನಾನು ಕೇಳಲಿಲ್ಲ. ಈಗ ಬೂಟ್ ಲೋಡಿನಲ್ಲೂ 71 ತಿರುಗುತ್ತೆ. ಫೀಡ್ ಬೆಲ್ಟಿಗೆ ಕಾಂಟ್ಯಾಕ್ಟರ್‌ನ ಅನುಮತಿಯನ್ನೂ ಸೇರಿಸಿದ್ದೇವೆ. ಪ್ರತಿ ಐಸೋಲೇಟರ್ ಪಕ್ಕ ಒಂದು ಬೀಗ ನೇತಾಡುತ್ತೆ. ಕೀ ಒಳಗೆ ಕೈ ಹಾಕುವವನ ಜೇಬಿನಲ್ಲಿ.

ಮೀಟಿಂಗ್‌ನಲ್ಲಿ ಜಂಪರ್ ಹಾಕಿದ್ದು ಯಾರು ಅಂತ ಕೇಳಿದರು. ನಾನು ಅಂದೆ. ಎಲೆಕ್ಟ್ರಿಷಿಯನ್ ಉಸಿರು ಬಿಟ್ಟದ್ದು ಮೇಜಿನ ಈಚೆಗೆ ಕೇಳಿಸಿತು. ಈಗ ಜಂಪರ್ ರಿಜಿಸ್ಟರ್ ಅಂತ ಒಂದು ಬಂದಿದೆ, ಆರು ಕಾಲಂ, ಮೂರು ಸಹಿ. ಆ ಶೀಟಿನ ತೂತಿಗೆ ಇನ್ನೂ ಟಾರ್ಪಾಲೇ ಗತಿ.

ಕಳೆದ ತಿಂಗಳು ಸ್ಟೋರಿಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಹತ್ತು ಹೊಸ ಪ್ರಾಕ್ಸಿ. ನಾನು ಇಂಡೆಂಟ್ ಹಾಕಿರಲಿಲ್ಲ. ಹೆಡ್ ಆಫೀಸಿನಲ್ಲಿ ಬ್ರೇಕ್‌ಡೌನ್ ರಿಜಿಸ್ಟರ್ ತಿರುವಿ ಹಾಕಿದ್ದಾರೆ. ಒಂದೇ ವಾರದಲ್ಲಿ ನನ್ನದೇ ಅಕ್ಷರದಲ್ಲಿ ಎಂಟು ಕಡೆ 'ಸೆನ್ಸರ್ ದೋಷ' ಅಂತ ಇತ್ತಂತೆ.