ಚಿಕ್ಕ ಮಕ್ಕಳ ಜೊತೆ ಪ್ರಯಾಣ: ನಗು ಹೇಗೆ ಉಳಿಯುತ್ತೆ?

"ಇಬ್ಬರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಪುತ್ತೂರಿಗೆ ಹೋಗ್ತೀಯಲ್ಲ, ದಾರಿಯುದ್ದಕ್ಕೂ ನಗ್ತಾ ಇರೋಕೆ ಹೇಗಾಗುತ್ತೆ?" ರಜೆ ಹತ್ತಿರ ಬಂತೆಂದರೆ ಅಕ್ಕಪಕ್ಕದವರು, ಆಫೀಸಿನವರು ಎಲ್ಲರದೂ ಇದೇ ಪ್ರಶ್ನೆ.

ಮೊದಲ ಉತ್ತರ, ಬುತ್ತಿ. ಹಸಿದ ಮಗುವಿನ ಮುಂದೆ ಯಾವ ತಮಾಷೆಯೂ ನಡೆಯುವುದಿಲ್ಲ. ಹಗಲು ರೈಲು ಹತ್ತಿದರೆ ಹಾಸನ ದಾಟುವಷ್ಟರಲ್ಲಿ ಮೊಸರನ್ನ ಹೊಟ್ಟೆ ಸೇರಿರಬೇಕು, ಚಿಕ್ಕವನದು ಒಂದು ನಿದ್ದೆ ಮುಗಿದಿರಬೇಕು. ಅಷ್ಟಾದರೆ ಘಾಟಿ ನಮ್ಮದು.

ಸಕಲೇಶಪುರದಲ್ಲಿ ಬ್ರೇಕ್ ಪರೀಕ್ಷೆಗೆಂದು ಗಾಡಿ ನಿಲ್ಲುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಇಳಿಜಾರು ಜೋರಾಗಿರುವುದರಿಂದ ರೈಲು ತೆವಳಿಕೊಂಡೇ ಇಳಿಯುತ್ತದೆ. ಕಳೆದ ಸಲ ಮೊದಲ ಸುರಂಗ ಹೊಕ್ಕಾಗ ಬೋಗಿಯ ಲೈಟ್ ಹಾಕಿರಲಿಲ್ಲ. ಹುಡುಗರೆಲ್ಲ ಕೂ ಎಂದು ಕೂಗಿದರು. ಮೂರು ವರ್ಷದ ಮಗ ನನ್ನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಂಡು ಅಳತೊಡಗಿದ. ಹೆದರಬೇಡ ಅಂದರೆ ಹೆದರಿಕೆ ಹೋಗುತ್ತದೆಯೇ? "ಯಾರಪ್ಪಾ ಅದು ಲೈಟ್ ಆರಿಸಿದ್ದು?" ಎಂದು ಗಟ್ಟಿಯಾಗಿ ಕೇಳಿದೆ.

ಎದುರು ಸೀಟಿನ ಅಜ್ಜಿ ಕತ್ತಲಲ್ಲೇ ಒಪ್ಪಿಕೊಂಡರು: "ನಾನೇ ಮಾರಾಯ. ಕರೆಂಟ್ ಬಿಲ್ ಜಾಸ್ತಿ ಬರ್ತದಲ್ಲ!"

ಅಳು ಅರ್ಧಕ್ಕೇ ನಿಂತಿತು. ಮುಂದಿನ ಸುರಂಗದಲ್ಲಿ ಅವನೇ ಕೇಳಿದ. ಆಮೇಲೆ ಚಹಾ ಮಾರುವವರು, ಮೇಲಿನ ಬರ್ತಿನಲ್ಲಿ ಮಲಗಿದ್ದವರು, ಒಬ್ಬೊಬ್ಬರಾಗಿ ತಪ್ಪೊಪ್ಪಿಕೊಂಡರು. ಘಾಟಿಯ ನಡುವಿನ ಯಡಕುಮರಿ ಸ್ಟೇಷನ್ ಬರುವ ಹೊತ್ತಿಗೆ ಅವನು ಕತ್ತಲಿಗಾಗಿ ಕಾಯುತ್ತಿದ್ದ. ಆ ಅಜ್ಜಿ ಮಾಡಿದ ಉಪಕಾರ ನಾನು ಮರೆಯಲಾರೆ.

ಹೀಗೆಂದು ಎಲ್ಲಕ್ಕೂ ನಗಬೇಕೆಂದಿಲ್ಲ. ಅದೇ ಪ್ರಯಾಣದಲ್ಲಿ ಆರು ವರ್ಷದ ಮಗಳು ನಿದ್ದೆಗಣ್ಣಲ್ಲಿ ಬಟ್ಟೆ ಒದ್ದೆ ಮಾಡಿಕೊಂಡಳು. ಪಕ್ಕದಲ್ಲಿ ಯಾರೋ ನಕ್ಕರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಶಾಲು ಸುತ್ತಿ, ಕೈಹಿಡಿದು ಕರೆದುಕೊಂಡು ಹೋಗಿ ಬಟ್ಟೆ ಬದಲಿಸಿದೆ. ನಾಚಿಕೆಯಾದ ಹೊತ್ತಿನಲ್ಲಿ ಅಮ್ಮನೂ ನಕ್ಕುಬಿಟ್ಟರೆ, ಮುಂದೆ ಅಮ್ಮನ ಯಾವ ತಮಾಷೆಯೂ ಆ ಮಗುವಿಗೆ ರುಚಿಸುವುದಿಲ್ಲ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ ಮೇಲ್ಗಡೆಯೇ ಇಟ್ಟುಕೊಳ್ಳಿ. ಹುಡುಕಾಡುವ ಗಡಿಬಿಡಿಯಲ್ಲೇ ನಮಗೆ ಸಿಟ್ಟು ಬರುವುದು.

ಆ ರಾತ್ರಿ ಪುತ್ತೂರಿನ ಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗಿದ್ದೆವು. ನನ್ನಮ್ಮ ದೀಪ ಆರಿಸಿದರು. ಕತ್ತಲಲ್ಲಿ ಪುಟ್ಟ ದನಿ ಕೇಳಿತು: "ಯಾರಪ್ಪಾ ಅದು?"